ನೀಲಿಯಾಗಬಾರದಿದ್ದ ಗುಳಿಗಳು

ಮೊನ್ನೆ ಸೋದರತ್ತೆಯ ಮಗನ ಗೃಹಪ್ರವೇಶಕ್ಕೆಂದು ಬೊಮ್ಮಸಂದ್ರದಲ್ಲಿ ಮೆಟ್ರೊ ಇಳಿದು ಜಿಗಣಿ ರಸ್ತೆಯ ಕಡೆಗೆ ಆಟೊ ಹಿಡಿದೆ. ಮಳೆ ಸುರಿದು ಆಗಷ್ಟೇ ನಿಂತಿತ್ತು. ಔಷಧ ಕಾರ್ಖಾನೆಗಳ ಸಾಲು ಶುರುವಾಗುತ್ತಿದ್ದಂತೆ ಆ ವಾಸನೆ ಬಂತು. ಕಳಿತ ಬಾಳೆಹಣ್ಣಿಗೆ ಉಗುರುಬಣ್ಣ ಬೆರೆಸಿದರೆ ಹೇಗಿದ್ದೀತೋ ಹಾಗೆ.

“ಮೂಗು ಮುಚ್ಕೊಳ್ಳಿ ಮೇಡಂ, ಮಳೆ ಬಂದ್ರೆ ಇಲ್ಲಿ ಜಾಸ್ತಿ” ಎಂದ ಆಟೊದವನು.

ನಾನು ಮುಚ್ಚಿಕೊಳ್ಳಲಿಲ್ಲ. ವರ್ಷಗಟ್ಟಲೆ ಅದೇ ಗಾಳಿ ಕುಡಿದು ಕೆಲಸಕ್ಕೆ ಹೋಗಿ ಬಂದವಳು ನಾನು. ಅಷ್ಟು ವರ್ಷಗಳಲ್ಲಿ ಆ ವಾಸನೆಯ ಜೊತೆ ಎದ್ದು ಬಂದದ್ದು ಮಾತ್ರ ಒಂದೇ ಮಳೆಗಾಲ. ಆಟೊದಲ್ಲಿ ಕೂತಲ್ಲೇ ಎರಡೂ ಅಂಗೈಗಳಿಂದ ಕೆನ್ನೆ ಮುಟ್ಟಿ ನೋಡಿಕೊಂಡೆ.

ನಮ್ಮದು ಹೆಬ್ಬಗೋಡಿಯ ಹಳೆಯ ಮನೆತನ. ಹೊಲವಿದ್ದ ಜಾಗದಲ್ಲಿ ಈಗ ನಮ್ಮ ಮನೆ, ಅದರ ಮೇಲೆ ಬಾಡಿಗೆಯ ಕೋಣೆಗಳು. ಅವುಗಳಲ್ಲಿ ರಾಯಚೂರು, ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಸಂಸಾರಗಳಿದ್ದವು. ಅಪ್ಪ ನೀರಿನ ಟ್ಯಾಂಕರು, ಮೋಟರು ಅಂತ ಓಡಾಡಿಕೊಂಡಿರುತ್ತಿದ್ದರು. ಅಮ್ಮ ಮಾತ್ರ ಎರಡು ಕಟ್ಟಡಗಳ ನಡುವಿನ ಸಂದಿಯಲ್ಲಿ ಇನ್ನೂ ಒಂದು ಹಸು ಕಟ್ಟಿಕೊಂಡಿದ್ದಳು. ನಾನು ಜೀವರಸಾಯನಶಾಸ್ತ್ರದಲ್ಲಿ ಎಂಎಸ್ಸಿ ಓದಿ ಬೊಮ್ಮಸಂದ್ರದ ಒಂದು ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದೆ. ಬೇರೆ ಕಂಪನಿಗಳು ಕಳಿಸುವ ಔಷಧಗಳನ್ನು ರಕ್ತದ ಬಿಳಿ ಕಣಗಳ ಮೇಲೆ ಹಾಕಿ, ಅವು ಏನು ಮಾಡುತ್ತವೆಂದು ನೋಡಿ ಹೇಳುವುದು ನಮ್ಮ ಕೆಲಸ.

ಆ ವರ್ಷ ಬಂದದ್ದು ಹಳೆಯ ಮಲೇರಿಯಾ ಔಷಧ. ಹೈಡ್ರಾಕ್ಸಿಕ್ಲೋರೋಕ್ವಿನ್. ಕೊರೊನಾ ಕಾಲದಲ್ಲಿ ಟೀವಿಯವರ ಬಾಯಲ್ಲೆಲ್ಲ ಓಡಾಡಿ ಆಮೇಲೆ ಮರೆತುಹೋದ ಅದೇ ಮಾತ್ರೆ. ಮಲೇರಿಯಾಕ್ಕೆಂದು ಹುಟ್ಟಿದ ಈ ಜಾತಿಯ ಔಷಧಗಳು ದೇಹದ ಕಾವಲು ಕಣಗಳನ್ನೂ ಸುಮ್ಮನಾಗಿಸುತ್ತವೆ ಎಂಬುದು ವೈದ್ಯರಿಗೆ ಬಹಳ ಹಿಂದಿನಿಂದ ಗೊತ್ತು. ಹೇಗೆ ಸುಮ್ಮನಾಗಿಸುತ್ತವೆ, ಎಷ್ಟು ಹಾಕಿದರೆ ಎಷ್ಟು ಎಂಬುದನ್ನು ನಾವು ಅಳೆಯಬೇಕಿತ್ತು.

ನಮ್ಮ ಲ್ಯಾಬಿನ ಮುಖ್ಯಸ್ಥೆ ಸುಜಾತಾ ಮೇಡಂ. ಮೈಸೂರಿನವರು. ಹೊಸಬರು ಬಂದಾಗಲೆಲ್ಲ ಅವರು ಇದನ್ನು ಹೀಗೆ ವಿವರಿಸುತ್ತಿದ್ದರು: ಕಾವಲು ಕಣ ಎದುರಿಗೆ ಸಿಕ್ಕಿದ್ದನ್ನು ನುಂಗುತ್ತದೆ. ಅದರ ಹೊಟ್ಟೆಯಲ್ಲಿ ಹುಳಿ ತುಂಬಿದ ಪುಟ್ಟ ಚೀಲಗಳಿರುತ್ತವೆ. ನುಂಗಿದ್ದು ಅಲ್ಲಿ ಕರಗಿ, ಒಳಗೆ ವೈರಸ್ಸಿನ ಗುರುತೇನಾದರೂ ಸಿಕ್ಕಿದರೆ ಕಣವು ಇಂಟರ್‌ಫೆರಾನ್ ಎಂಬ ವಸ್ತುವನ್ನು ಹೊರಗೆ ಸುರಿಯುತ್ತದೆ. ಅದು ಊರಿಗೆಲ್ಲ ಕೇಳುವ ಕೂಗು. ಆ ಕೂಗಿಗೆ ಉಳಿದ ಕಣಗಳೆಲ್ಲ ಎದ್ದು ಬರುತ್ತವೆ. ನಮ್ಮ ಮಾತ್ರೆ ಆ ಚೀಲಗಳೊಳಕ್ಕೆ ಹೋಗಿ ಸೇರಿಕೊಂಡು ಹುಳಿ ತಗ್ಗಿಸುತ್ತದೆ. ಆಗ ಕಣಕ್ಕೆ ಗುರುತು ಹತ್ತುವುದಿಲ್ಲ, ಕೂಗೂ ಏಳುವುದಿಲ್ಲ.

ಪ್ರಯೋಗಕ್ಕೆ ಆರೋಗ್ಯವಂತರ ರಕ್ತ ಬೇಕು. ಒಪ್ಪಿಗೆ ಕೊಟ್ಟ ಸಿಬ್ಬಂದಿಯಿಂದ ನರ್ಸ್ ಒಬ್ಬರು ಬಂದು ತೆಗೆಯುತ್ತಿದ್ದರು. ಆ ದಿನ ಕೊಟ್ಟವರು ನಾನು ಮತ್ತು ನಯಾಜ್ ಇಬ್ಬರೇ. ನಯಾಜ್ ಚಂದಾಪುರದ ಹುಡುಗ, ನನ್ನ ಪಕ್ಕದ ಮೇಜಿನವನು. ನನ್ನ ನರ ಸಿಗದೆ ನರ್ಸ್ ಒದ್ದಾಡಿದ್ದರಿಂದ ನನ್ನ ಟ್ಯೂಬು ಅರ್ಧವಷ್ಟೇ ತುಂಬಿತ್ತು. ಯಾರ ರಕ್ತವೆಂದು ತಿಳಿಯಬಾರದೆಂಬ ನಿಯಮವಿದ್ದುದರಿಂದ ಟ್ಯೂಬಿನ ಮೇಲೆ ಹೆಸರು ಬರೆಯುವ ಹಾಗಿರಲಿಲ್ಲ. ಆದರೂ ಯಾರದು ಯಾವುದೆಂದು ನಮ್ಮಿಬ್ಬರಿಗೂ ಗೊತ್ತಿತ್ತು.

ನಾನು ಆರೋಗ್ಯವಂತಳೆಂದೇ ನಂಬಿದ್ದೆ. ಬೇಸಿಗೆಯಲ್ಲಿ ಒಂದು ಜ್ವರ ಬಂದು ಹೋಗಿತ್ತು. ನಮ್ಮ ಬೀದಿಯಲ್ಲಿ ಮನೆಗಿಬ್ಬರು ಮಲಗಿದ್ದ ಜ್ವರ ಅದು. “ಚಿಕೂನ್‌ಗುನ್ಯಾ ಕಣಮ್ಮ. ಗೆಣ್ಣು ನೋವು ಆರು ತಿಂಗಳು ಇರುತ್ತೆ, ತಲೆ ಕೆಡಿಸ್ಕೋಬೇಡ” ಎಂದಿದ್ದರು ಕ್ಲಿನಿಕ್ಕಿನ ಡಾಕ್ಟರು. ಬೆಳಿಗ್ಗೆ ಎದ್ದಾಗ ಬೆರಳು ಮಡಚಲು ಆಗುತ್ತಿರಲಿಲ್ಲ. ಬಿಸಿನೀರಿನ ಬಕೆಟ್ಟಿನಲ್ಲಿ ಕೈ ಇಟ್ಟುಕೊಂಡು ಕೂರುತ್ತಿದ್ದೆ. ಹೊಸೂರು ರಸ್ತೆಯ ಬಿಸಿಲು, ಧೂಳಿಗೆ ಕೆನ್ನೆ ಉರಿಯುತ್ತದೆ ಎಂದುಕೊಂಡು ಕ್ರೀಮು ಹಚ್ಚುತ್ತಿದ್ದೆ. ಸಂಜೆಯ ಹೊತ್ತಿಗೆ ಬಸ್ಸಿನ ಕಂಬಿ ಹಿಡಿದು ನಿಂತಲ್ಲೇ ನಿದ್ದೆ ಬರುತ್ತಿತ್ತು. ಕೆಲಸ ಜಾಸ್ತಿ, ಅದಕ್ಕೆ ಸುಸ್ತು ಅಂದುಕೊಂಡೆ. ನನ್ನ ಹಾಗೆ ಸುಸ್ತಾದವರೇ ಆ ಬಸ್ಸಿನ ತುಂಬ ಇದ್ದರು.

ರಕ್ತವನ್ನು ಯಂತ್ರದಲ್ಲಿ ಗಿರಗಿರನೆ ತಿರುಗಿಸಿ, ನಡುವೆ ತೆಳು ಕೆನೆಯಂತೆ ನಿಲ್ಲುವ ಬಿಳಿ ಕಣಗಳನ್ನು ಎತ್ತಿ, ಪ್ಲೇಟಿನ ಗುಳಿಗಳಿಗೆ ಹಂಚಿದೆ. ಆ ಪ್ಲೇಟು ನೋಡಲು ಅಂಗೈಯಗಲದ ಅಳಗುಳಿ ಮಣೆ. ಪ್ರತಿಯೊಬ್ಬರ ಕಣಕ್ಕೂ ಅವರವರದೇ ರಕ್ತದ ಪ್ಲಾಸ್ಮಾವನ್ನು, ಅಂದರೆ ಕಣಗಳನ್ನು ತೆಗೆದ ಮೇಲೆ ಉಳಿಯುವ ತಿಳಿಯನ್ನು, ಸ್ವಲ್ಪ ಬೆರೆಸಿದೆ. ಕೆಲವು ಗುಳಿಗಳಿಗೆ ಕಣವನ್ನು ಕೆರಳಿಸುವ ವಸ್ತು, ಕೆಲವಕ್ಕೆ ಅದರ ಜೊತೆ ಮಾತ್ರೆಯ ದ್ರಾವಣ. ಕೆಲವಕ್ಕೆ ಏನೂ ಇಲ್ಲ. ಏನೂ ಹಾಕದ ಆ ಗುಳಿಗಳು ಹೋಲಿಕೆಗಾಗಿ ಇರುವಂಥವು. ಮಾರನೆಯ ದಿನ ಇಂಟರ್‌ಫೆರಾನ್ ಪರೀಕ್ಷೆ ಮಾಡಿದಾಗ ಕೂಗಿದ ಗುಳಿ ನೀಲಿಯಾಗಬೇಕು, ಏನೂ ಹಾಕದ್ದು ನೀರಿನ ಹಾಗೆ ತಿಳಿಯಾಗಿ ಉಳಿಯಬೇಕು.

ನಯಾಜನ ಸಾಲು ಪುಸ್ತಕದಲ್ಲಿದ್ದಂತೆಯೇ ಬಂತು. ನನ್ನ ಸಾಲಿನಲ್ಲಿ ಏನೂ ಹಾಕದ ಗುಳಿಗಳು ಕಣ್ಣೆದುರೇ ಬಣ್ಣ ತಿರುಗಿ, ನೋಡನೋಡುತ್ತ ಕಡುನೀಲಿಯಾದವು.

“ಇದೇನು ಮಂಜು ಇದು?” ಎಂದು ನಯಾಜ್ ಬಗ್ಗಿದ. “ಯಾರೂ ಏನೂ ಮಾಡದೇನೇ ಕಿರುಚ್ತಾ ಇದಾವಲ್ಲ!”

ಸುಜಾತಾ ಮೇಡಂ ಬಂದು ನೋಡಿದರು. “ಕಂಟ್ಯಾಮಿನೇಷನ್. ಏನೋ ಸೇರ್ಕೊಂಡಿದೆ. ಯಾರು ಮಾಡಿದ್ದು ಪ್ಲೇಟು?”

“ನಾನೇ ಮೇಡಂ.”

“ಕೈ ನಡುಗ್ತಾ ಇದೆಯಲ್ಲ ನಿಂದು. ರೆಸ್ಟ್ ತಗೋ. ನೆಕ್ಸ್ಟ್ ಟೈಮ್ ನಯಾಜ್ ಮಾಡ್ಲಿ.”

ನನಗೆ ಅಳು ಬರುವಷ್ಟು ಅವಮಾನವಾಯಿತು. ಹೆಬ್ಬೆರಳಿನ ನೋವಿಗೆ ಹನಿ ಅಳೆದು ಹಾಕುವ ಪಿಪೆಟ್ಟಿನ ಗುಂಡಿ ಒತ್ತುವುದು ಕಷ್ಟವಾಗುತ್ತಿದ್ದದ್ದು ನಿಜ. ನನ್ನಿಂದಲೇ ಕೆಟ್ಟಿತು ಎಂದುಕೊಂಡೆ. ಸ್ವಲ್ಪ ದಿನ ಬಿಟ್ಟು ನಾವಿಬ್ಬರೂ ಮತ್ತೆ ರಕ್ತ ಕೊಟ್ಟೆವು. ಈ ಸಲ ಹೊಸ ಬಾಟಲಿಗಳು, ಹೊಸ ಪ್ಲೇಟು, ಎಲ್ಲ ಕೆಲಸವೂ ನಯಾಜನದೇ. ನಾನು ಕೈಕಟ್ಟಿ ನಿಂತಿದ್ದೆ.

ನನ್ನ ಗುಳಿಗಳು ಮತ್ತೆ ನೀಲಿಯಾದವು.

ಹೊರಗೆ ಜೋರು ಮಳೆ. ಶೀಟಿನ ಮಾಡಿನ ಮೇಲೆ ಬಡಿಯುವ ಸದ್ದು. ನಯಾಜನೇ ಮೆಲ್ಲಗೆ ಹೇಳಿದ: “ಮೇಡಂ, ಪ್ಲಾಸ್ಮಾ ಅದಲು ಬದಲು ಮಾಡಿ ನೋಡೋಣ. ಇವಳದು ನನ್ನ ಸೆಲ್ಸ್‌ಗೆ, ನಂದು ಇವಳ ಸೆಲ್ಸ್‌ಗೆ. ಎಲ್ಲಿದೆ ತೊಂದ್ರೆ ಅಂತ ಗೊತ್ತಾಗುತ್ತೆ.”

ಮೇಡಂ ನನ್ನ ಕಡೆ ತಿರುಗಿದರು. “ನಿಂಗೆ ಓಕೆನಾ? ಬೇಡ ಅಂದ್ರೆ ಇಲ್ಲಿಗೇ ಬಿಡೋಣ.”

“ಮಾಡಿ ಮೇಡಂ” ಎಂದೆ. ನನಗೂ ತಿಳಿಯಬೇಕಿತ್ತು.

ಆ ಪ್ಲೇಟನ್ನು ನಾನು ಇವತ್ತಿಗೂ ಕಣ್ಣು ಮುಚ್ಚಿದರೆ ನೋಡಬಲ್ಲೆ. ನಯಾಜನ ಪ್ಲಾಸ್ಮಾದಲ್ಲಿಟ್ಟ ನನ್ನ ಕಣಗಳು ಹೆಚ್ಚುಕಡಿಮೆ ತೆಪ್ಪಗಿದ್ದವು. ನನ್ನ ಪ್ಲಾಸ್ಮಾ ಸೋಕಿದ ನಯಾಜನ ಕಣಗಳು, ಅದುವರೆಗೆ ಒಂದು ದಿನವೂ ತಂಟೆ ಮಾಡದ ಆ ಕಣಗಳು, ದಟ್ಟ ನೀಲಿಗೆ ತಿರುಗಿದ್ದವು. ಹಾಗಾದರೆ ಕೆರಳಿಸುವ ವಸ್ತು ಯಾವ ಬಾಟಲಿಯಲ್ಲೂ ಇರಲಿಲ್ಲ. ನನ್ನ ರಕ್ತದಲ್ಲೇ ಹರಿಯುತ್ತಿತ್ತು. ಆರೋಗ್ಯವಂತನ ಕಣಗಳನ್ನೂ ರೊಚ್ಚಿಗೆಬ್ಬಿಸುವಂಥದ್ದನ್ನು ನಾನು ಹೊತ್ತುಕೊಂಡು ದಿನಾ ಬಸ್ಸು ಹತ್ತುತ್ತಿದ್ದೆ, ಊಟದ ಡಬ್ಬಿ ಬಿಚ್ಚುತ್ತಿದ್ದೆ, ನಗುತ್ತಿದ್ದೆ.

ಅದೇ ಪ್ಲೇಟಿನ ಕೊನೆಯ ಸಾಲಿನಲ್ಲಿ ನನ್ನ ಪ್ಲಾಸ್ಮಾದ ಜೊತೆ ಮಾತ್ರೆಯ ದ್ರಾವಣವೂ ಇತ್ತು. ಆ ಸಾಲು ತಿಳಿಯಾಗಿತ್ತು.

“ನನ್ನ ಸೆಲ್ಸ್‌ನೇ ಹೆದರಿಸ್ಬಿಟ್ಟಿಯಲ್ಲ ತಾಯಿ” ಎಂದು ತಮಾಷೆ ಮಾಡಲು ಹೋದ ನಯಾಜ್ ನನ್ನ ಕಣ್ಣು ನೋಡಿ ಅರ್ಧಕ್ಕೇ ನಿಲ್ಲಿಸಿದ. ಸುಜಾತಾ ಮೇಡಂ ಸ್ಟೂಲು ಎಳೆದು ಕೂತರು. ಪ್ಲೇಟನ್ನೇ ನೋಡುತ್ತಿದ್ದವರು ಇದ್ದಕ್ಕಿದ್ದಂತೆ ತಲೆಯೆತ್ತಿ, “ಮಂಜುಳಾ, ಮಾಸ್ಕ್ ತೆಗಿ” ಎಂದರು.

ತೆಗೆದೆ. ಲ್ಯಾಬಿನಲ್ಲಿ ಸದಾ ಮಾಸ್ಕಿನೊಳಗೇ ಇರುತ್ತಿದ್ದ ನನ್ನ ಮುಖವನ್ನು ಅವರು ಆ ಬೆಳಕಿನಲ್ಲಿ ನೋಡಿರಲೇ ಇಲ್ಲ. ಮೂಗಿನ ದಿಂಡಿನ ಮೇಲಿಂದ ಎರಡೂ ಕೆನ್ನೆಗೆ ಹರಡಿದ ಕೆಂಪು.

“ಇದು ಯಾವಾಗಿಂದ?”

“ಬೇಸಿಗೆಯಿಂದ ಮೇಡಂ. ಬಿಸಿಲಿಗೆ...”

“ಗೆಣ್ಣು ನೋವು?”

“ಚಿಕೂನ್‌ಗುನ್ಯಾ ಆಗಿತ್ತಲ್ಲ...”

ಅವರು ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ಅವರ ಕೈಗಳು ಗ್ಲೌಸಿನೊಳಗೇ ತಣ್ಣಗಿದ್ದವು. “ನೋಡು, ನಾನು ಡಾಕ್ಟರಲ್ಲ. ಇದು ಕಾಯಿಲೆ ಕಂಡುಹಿಡಿಯೋ ಟೆಸ್ಟೂ ಅಲ್ಲ. ಆದ್ರೆ ನೀನು ನಾಳೆ ಅಂತ ಕಾಯ್ಬೇಡ. ಇವತ್ತೇ ಆಸ್ಪತ್ರೆಗೆ ಹೋಗೋಣ, ನಾನೂ ಬರ್ತೀನಿ.”

ಹೊಸೂರು ರಸ್ತೆಯ ಒಂದು ಆಸ್ಪತ್ರೆಯ ಕೀಲುರೋಗದ ವೈದ್ಯೆ ನನ್ನ ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿದರು. ಕೂದಲು ಉದುರುತ್ತದೆಯೇ, ಬಾಯಲ್ಲಿ ಹುಣ್ಣಾಗುತ್ತದೆಯೇ ಎಂದು ಕೇಳುತ್ತ ಹೋದರು. ಕೊನೆಗೆ, “ಮೂತ್ರದಲ್ಲಿ ನೊರೆ ಬರುತ್ತಾ?” ಎಂದರು. ಬರುತ್ತಿತ್ತು. ಅದೂ ಒಂದು ಕೇಳುವ ವಿಷಯವೆಂದು ನನಗೆ ಹೊಳೆದಿರಲಿಲ್ಲ.

ರಕ್ತ, ಮೂತ್ರ ಪರೀಕ್ಷೆಗಳಾದವು. ಕಿಡ್ನಿಗೆ ಸೂಜಿ ಹಾಕಿ ಚೂರು ತೆಗೆದರು. ಲೂಪಸ್ ಎಂದರು. ದೇಹದ ಕಾವಲು ವ್ಯವಸ್ಥೆ ತನ್ನ ದೇಹವನ್ನೇ ಶತ್ರುವೆಂದು ತಿಳಿದು ಮೇಲೆ ಬೀಳುವ ಕಾಯಿಲೆ. ಸತ್ತ ಜೀವಕೋಶಗಳ ಚೂರುಪಾರುಗಳಿಗೆ ನನ್ನದೇ ಪ್ರತಿಕಾಯಗಳು ಅಂಟಿಕೊಂಡು ರಕ್ತದಲ್ಲಿ ತೇಲುತ್ತಿದ್ದವು. ಕಾವಲು ಕಣಗಳು ಅವನ್ನು ನುಂಗಿ, ವೈರಸ್ಸೆಂದು ಭ್ರಮಿಸಿ, ಹಗಲಿರುಳು ಕೂಗುತ್ತಿದ್ದವು. ಕಿಡ್ನಿಗೂ ಪೆಟ್ಟು ಬಿದ್ದಿತ್ತು, ಆದರೆ ಇನ್ನೂ ಆರಂಭದಲ್ಲಿತ್ತು.

“ಇನ್ನೊಂದು ವರ್ಷ ಹೀಗೇ ಬಿಟ್ಟಿದ್ರೆ?” ಎಂದು ಕೇಳಿದೆ.

“ಈಗ ಬಂದಿದೀರಲ್ಲ” ಎಂದು ವೈದ್ಯೆ ಚೀಟಿ ಬರೆಯತೊಡಗಿದರು. ಸ್ಟೀರಾಯ್ಡು, ಕಿಡ್ನಿಗಾಗಿ ಇನ್ನೊಂದು. “ಮತ್ತೆ ಇದೊಂದು ಮಾತ್ರೆ ಬಹಳ ವರ್ಷ ತಗೋಬೇಕು. ಕೆಲಸ ಶುರು ಮಾಡೋಕೆ ತಿಂಗಳುಗಳೇ ಬೇಕು, ಅಲ್ಲೀತನಕ ಏನೂ ಆಗ್ತಿಲ್ಲ ಅಂತ ಬಿಡ್ಬೇಡಿ. ವರ್ಷಕ್ಕೊಮ್ಮೆ ಕಣ್ಣು ಚೆಕ್ ಮಾಡಿಸ್ಬೇಕು.” ಮಾತ್ರೆಯ ಹೆಸರು ಓದಿ ನಾನು ನಕ್ಕುಬಿಟ್ಟೆ. ನಗು ನಿಲ್ಲಲಿಲ್ಲ. ವೈದ್ಯೆ ಗಾಬರಿಯಾಗಿ ನೋಡಿದರು. ಸುಜಾತಾ ಮೇಡಂ ನನ್ನ ಬೆನ್ನು ಸವರುತ್ತ, “ನಾವು ಲ್ಯಾಬಲ್ಲಿ ಇದರ ಮೇಲೇ ಕೆಲಸ ಮಾಡ್ತಾ ಇದೀವಿ ಡಾಕ್ಟರ್” ಎಂದರು. ಆಮೇಲೆ ನಗು ಅಳುವಾಯಿತು.

ಏನೋ ಪರೀಕ್ಷೆಗಳೆಂದಷ್ಟೇ ಗೊತ್ತಿದ್ದ ಮನೆಯವರಿಗೆ ಕಾಯಿಲೆಯನ್ನು ಹೇಗೆ ಹೇಳುವುದೆಂದು ತಿಳಿಯದೆ ಒಂದು ದಿನ ಸುಮ್ಮನಿದ್ದೆ. ಮಾರನೆಯ ಬೆಳಿಗ್ಗೆ ಅಮ್ಮ ಹಸುವಿಗೆ ಬೂಸಾ ಕಲಸುತ್ತಿದ್ದಾಗ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಎಲ್ಲ ಹೇಳಿದೆ. ಅಮ್ಮ ಕಲಸುತ್ತಲೇ ಕೇಳುತ್ತಿದ್ದಳು. ಕೆನ್ನೆಯ ಮಾತು ಬಂದಾಗ ಅವಳ ಕೈ ನಿಂತಿತು.

“ಬಿಸಿಲಿಗೋದ್ರೆ ಜಾಸ್ತಿ ಆಯ್ತದಾ?”

“ಹೂಂ.”

“ಬೆಳಿಗ್ಗೆ ಎದ್ದೇಟ್ಗೆ ಬೆಳ್ಳು ಮಡ್ಚಕ್ಕಾಗಲ್ವಾ? ಕಾಲು ಊದ್ಕತದಾ?”

“ಕಾಲು ಇನ್ನೂ ಇಲ್ಲ. ಯಾಕಮ್ಮ?”

ಅಮ್ಮ ಬೂಸಾ ಮೆತ್ತಿದ ಕೈಯಲ್ಲೇ ನೆಲಕ್ಕೆ ಕೂತಳು. “ನಮ್ಮ ರತ್ನಿಗೂ ಇಂಗೇ ಆಗಿತ್ತು ಕಣೇ.”

ರತ್ನ ಅಮ್ಮನ ತಂಗಿ. ನಾನು ಹುಟ್ಟುವ ಮುಂಚೆಯೇ, ಮದುವೆಗೆ ಗೊತ್ತಾಗಿದ್ದಾಗ ಮೈ ಬಾತುಕೊಂಡು ತೀರಿಹೋದಳು ಎಂಬುದಷ್ಟೇ ನಮಗೆ ತಿಳಿದಿದ್ದದ್ದು. ಯಾರದೋ ಕಣ್ಣು ಬಿತ್ತು ಎಂದು ಅಜ್ಜಿ ಹೇಳುತ್ತಿದ್ದರು. ಆ ಬೆಳಿಗ್ಗೆ ಅಮ್ಮ ನಾನು ಅದುವರೆಗೆ ಕೇಳಿಯೇ ಇರದಿದ್ದದ್ದನ್ನು ಹೇಳಿದಳು.

“ರಾಗಿ ಹೊಲದಾಗೆ ಕಳೆ ಕಿತ್ತು ಬಂದ್ರೆ ಅವಳ ಕೆನ್ನೆ ಕೆಂಡದಂಗಾಗ್ತಿತ್ತು. ಮದ್ವೆ ಕಳೆ ಬಂದದೆ ಅಂತಿದ್ವಿ ಕಣೇ ನಾವು. ಎಷ್ಟು ಚೆಂದ ಕಾಣ್ತಾವ್ಳೆ ಅಂತಿದ್ವಿ. ನೋಡಕ್ಕೆ ಬಂದೋರು ಆ ಕೆನ್ನೆ ನೋಡೇ ಒಪ್ಕೊಂಡ್ರು. ಬೆಳ್ಳು ನೋಯ್ತದೆ ಅಂದ್ರೆ, ಮದ್ವೆ ಹತ್ರ ಬಂತು, ಕೆಲ್ಸ ತಪ್ಪಿಸ್ಕಳಕ್ಕೆ ಯಾಸ ಆಡ್ತಾಳೆ ಅಂತ ಅವ್ವ ಬೈಯೋಳು. ಆಮೇಕೆ ಕಾಲು ಊದ್ತು, ಮುಖ ಊದ್ತು...”

ಹಸು ಬೂಸಾಕ್ಕಾಗಿ ಹಗ್ಗ ಎಳೆಯುತ್ತಿತ್ತು. ಮನೆಯಲ್ಲಿ ರತ್ನ ಚಿಕ್ಕಮ್ಮನ ಒಂದೇ ಒಂದು ಫೋಟೊ ಇದೆ, ಕಪ್ಪು ಬಿಳುಪಿನದು. ಅದರಲ್ಲಿ ಕೆಂಪು ಕಾಣುವುದಿಲ್ಲ. ಅವಳಿಗೆ ಇದ್ದದ್ದು ಇದೇ ಎಂದು ಯಾವ ಪರೀಕ್ಷೆಯೂ ಈಗ ಹೇಳಲಾರದು. ಆದರೆ ವೈದ್ಯೆಗೆ ಈ ಸಂಗತಿ ಹೇಳಿದಾಗ ಅವರು ಅದನ್ನು ನನ್ನ ಚೀಟಿಯಲ್ಲಿ ಬರೆದುಕೊಂಡರು. ರಕ್ತಸಂಬಂಧಿಗಳಲ್ಲಿ ಇದು ಇನ್ನೊಬ್ಬರಿಗೂ ಬರುವುದುಂಟು ಎಂದರು.

ಮಳೆಗಾಲ ಮುಗಿಯುವ ತನಕ ನನಗೆ ರಜೆ. ಸ್ಟೀರಾಯ್ಡಿಗೆ ಮುಖ ದುಂಡಗಾಯಿತು. ಮೇಲಿನ ಕೋಣೆಯ ಹೆಂಗಸರು “ದಪ್ಪ ಆಗೀರಲ್ರೀ ಅಕ್ಕಾರ, ಚಲೋ ಆತು” ಎಂದು ಖುಷಿಪಟ್ಟರೆ ಅಮ್ಮನ ಮುಖ ಬಿಳಿಚಿಕೊಳ್ಳುತ್ತಿತ್ತು. ಅವಳಿಗೆ ಪ್ರತಿ ಬೆಳಿಗ್ಗೆ ನನ್ನ ಪಾದ ಒತ್ತಿ ನೋಡುವುದೇ ಕೆಲಸವಾಯಿತು. ಬೆರಳಿಟ್ಟ ಜಾಗ ತಗ್ಗಾಗಿ ಉಳಿಯುತ್ತದೆಯೋ, ತಕ್ಷಣ ಮೇಲೇಳುತ್ತದೆಯೋ ಎಂದು. ಬರಬರುತ್ತ ನೊರೆ ಕಡಿಮೆಯಾಯಿತು. ಅವರೆಕಾಯಿ ಬರುವ ಹೊತ್ತಿಗೆ ಒಂದು ದಿನ ಎದ್ದು ಹಲ್ಲುಜ್ಜಿ, ಕಾಫಿ ಕುಡಿದು, ಬಟ್ಟೆ ಒಗೆದು ಹಾಕಿದ ಮೇಲೆ ನೆನಪಾಯಿತು: ಬಿಸಿನೀರಿನಲ್ಲಿ ಕೈ ಇಟ್ಟುಕೊಂಡಿರಲೇ ಇಲ್ಲ.

ಕೆಲಸಕ್ಕೆ ಮರಳಿದ ಮೇಲೆ, ನನ್ನ ಒಪ್ಪಿಗೆ ಬರೆಸಿಕೊಂಡು ಇನ್ನೊಮ್ಮೆ ರಕ್ತ ತೆಗೆದರು. ಈ ಸಲ ಆರೋಗ್ಯವಂತಳೆಂದಲ್ಲ, ರೋಗಿಯೆಂದು. ಏನೂ ಹಾಕದ ಗುಳಿಗಳು ಹತ್ತಿರ ಹತ್ತಿರ ತಿಳಿಯಾಗಿ ಉಳಿದವು. ನಯಾಜ್ ಎಲ್ಲರಿಗೂ ಬೇಕರಿಯಿಂದ ದಿಲ್‌ಪಸಂದ್ ತರಿಸಿದ. ಸುಜಾತಾ ಮೇಡಂ ಮಾತ್ರ, “ಸ್ಟೀರಾಯ್ಡೂ ಇದೆ, ಬೇರೆ ಔಷಧಾನೂ ಇದೆ. ಒಬ್ಬಳ ರಕ್ತದಿಂದ ಏನೂ ಪ್ರೂವ್ ಆಗಲ್ಲ” ಎಂದು ಎಚ್ಚರಿಸಿದರು. ಹಾಗೆಂದವರು ಆಚೆ ತಿರುಗಿ ಕನ್ನಡಕ ಒರೆಸಿಕೊಂಡರು.

ಹಳೆಯ ಪ್ಲೇಟಿನದೂ ಹೊಸದರದೂ ಫೋಟೊ ತೆಗೆದುಕೊಂಡು ಹೋಗಿ ಅಮ್ಮನಿಗೆ ತೋರಿಸಿದೆ. ಭಾನುವಾರದ ಬೆಳಿಗ್ಗೆ, ಅಡುಗೆಮನೆಯಲ್ಲಿ. ಅವಳು ಫೋನನ್ನು ಕಣ್ಣಿನ ಹತ್ತಿರ ಹಿಡಿದು ನೀಲಿಯನ್ನೇ ನೋಡಿದಳು.

“ಇದೆಲ್ಲ ಆ ಮಾತ್ರೆಯಿಂದ ಓಯ್ತಾ? ಅದು ಯಾವ ಕಾಯ್ಲೆಗೆ ಅಂತ ಮಾಡಿದ್ದು?”

“ಮೊದಲು ಮಲೇರಿಯಾಕ್ಕೆ ಅಂತ ಮಾಡಿದ್ದು.”

“ಮಲೇರಿಯಾ ಮಾತ್ರೆನಾ?” ಅಮ್ಮ ಫೋನು ಕೆಳಗಿಟ್ಟಳು. “ಅದು ನಮ್ಮೂರಾಗೂ ಕೊಡ್ತಿದ್ರಲ್ಲ! ಸರ್ಕಾರದೋರು ಮನೆಮನೆಗೆ ಬರೋರು, ಬೆಳ್ಳಿಗೆ ಚುಚ್ಚಿ ರಕ್ತ ತಕ್ಕೊಂಡು...”

“ಅದು ಇದೇ ಅಲ್ಲಮ್ಮ, ಇದರ ಅಕ್ಕ ಅನ್ಕೋ. ಅದನ್ನೂ ಆಗ ದೊಡ್ಡ ಆಸ್ಪತ್ರೆಗಳಲ್ಲಿ ಈ ಕಾಯಿಲೆಗೆ ಕೊಡ್ತಿದ್ರು.”

ಅವಳು ನನ್ನನ್ನು ನೋಡಿದ ರೀತಿಗೆ, ಕೊನೆಯ ಮಾತು ಆಡಬಾರದಿತ್ತೇನೋ ಅನಿಸಿತು.

“ರತ್ನಿಗೆ ಜ್ವರ ಬಂದಾಗ ಕೊಟ್ಟಿದ್ರು” ಎಂದಳು. ಅವಳ ಧ್ವನಿ ಬೇರೆ ಯಾರದೋ ಎಂಬಂತಿತ್ತು. “ಒಂದು ನುಂಗಿ ಕಕ್ಕೊಂಡ್ಳು. ಕಹಿ ಅಕ್ಕಾ, ಬ್ಯಾಡ ಅಕ್ಕಾ ಅಂತ ಅತ್ಲು. ಮಿಕ್ಕಿದ್ದ ನಾನೇ ತಕ್ಕೊಂಡೋಗಿ ತಿಪ್ಪೆಗೆ ಎಸ್ದೆ.”

“ಅಮ್ಮ, ಆ ನಾಲ್ಕು ಮಾತ್ರೆಯಿಂದ ಏನೂ ಆಗ್ತಿರ್ಲಿಲ್ಲ. ತಿಂಗಳುಗಟ್ಟಲೆ ತಗೋಬೇಕು. ಕಿಡ್ನಿಗೆ ಬೇರೆ ಔಷಧಿ ಬೇಕಿತ್ತು. ನನ್ನಾಣೆ, ಅದರಿಂದ ಅವಳು ಉಳೀತಿರ್ಲಿಲ್ಲ.”

ಹೇಳಿದ್ದೆಲ್ಲ ನಿಜ. ಅಮ್ಮ ತಲೆಯಾಡಿಸಿದಳು. ನಂಬಿದಳೆಂದೇ ತೋರಿತು.

“ಆದ್ರೂ ಮನೇಲೇ ಇತ್ತಲ್ಲೇ” ಎಂದಳು.

ಒಲೆಯ ಮೇಲೆ ಹಾಲು ಉಕ್ಕಿ ಸುರಿಯಿತು. ಇಬ್ಬರೂ ಏಳಲಿಲ್ಲ. ಕೊನೆಗೆ ಅಮ್ಮನೇ ಎದ್ದು ಒಲೆ ಆರಿಸಿ, ಒಂದು ಲೋಟ ನೀರು ತಂದು ನನ್ನ ಮುಂದಿಟ್ಟು, ಮಾತ್ರೆಯನ್ನು ತಾನೇ ಬಿಡಿಸಿ ಅಂಗೈಗೆ ಹಾಕಿದಳು. ನುಂಗಿದೆ. ಅವಳು ಕದಲಲಿಲ್ಲ.

“ಬಾಯ್ ತೆಗಿ” ಎಂದಳು.

ಕಣ್ಣೀರು ಇಳಿಯುತ್ತಿದ್ದಂತೆಯೇ, ಚಿಕ್ಕ ಮಗುವಿನ ಹಾಗೆ, ನಾನು ಬಾಯಿ ತೆರೆದೆ. ಅಮ್ಮ ನನ್ನ ಗದ್ದ ಹಿಡಿದು, ಬೆಳಕಿನ ಕಡೆಗೆ ತಿರುಗಿಸಿ, ನಾಲಿಗೆಯ ಅಡಿಯಲ್ಲೂ ನೋಡಿದಳು.